ಹೊಸ ಸ್ಪೀಕರ್‌ಗೆ ಲಕ್ಷ ಸುರಿಯುವ ಮುನ್ನ: ಹೈ-ಎಂಡ್ ಸ್ಟೀರಿಯೋ ಜೋಡಿ ಆರಿಸುವುದು ಹೇಗೆ?

ಮನೆಯಲ್ಲಿ ಈಗಾಗಲೇ ಒಂದು ಒಳ್ಳೆಯ ಬುಕ್‌ಶೆಲ್ಫ್ ಜೋಡಿ (ಕಪಾಟಿನಲ್ಲೋ ಸ್ಟ್ಯಾಂಡ್ ಮೇಲೋ ಇಡುವ ಚಿಕ್ಕ ಸ್ಪೀಕರ್‌ಗಳು) ಇದೆ. ಐದಿಂಚಿನ ವೂಫರ್ (ತಗ್ಗು ದನಿ ಹಾಡುವ ಭಾಗ), ಐವತ್ತು-ಅರವತ್ತು ವ್ಯಾಟ್‌ನ ಆಂಪ್ (ಆಂಪ್ಲಿಫೈಯರ್), ಇಂಟರ್‌ನೆಟ್ಟಿನಿಂದ ಹಾಡು ತರುವ ಸ್ಟ್ರೀಮರ್‌ನಿಂದಲೋ ಸಿಡಿಯಿಂದಲೋ ಹಾಡು. ಈಗ ಕೈಯಲ್ಲಿ ಒಂದಿಷ್ಟು ದುಡ್ಡು ಸೇರಿದೆ, ಇನ್ನೊಂದು ಮೆಟ್ಟಿಲು ಹತ್ತುವ ಆಸೆಯಿದೆ. ಎರಡು ಲಕ್ಷವೋ, ಐದು ಲಕ್ಷವೋ, ಅದಕ್ಕೂ ಮೇಲೋ. ಈ ಬರಹ ಅಂಥವರಿಗೆ.

ನನ್ನ ವಾದ ಮೊದಲೇ ಹೇಳಿಬಿಡುತ್ತೇನೆ. ಈ ಬೆಲೆಗೆ ತೀರಾ ಕೆಟ್ಟ ಸ್ಪೀಕರ್ ಸಿಗುವುದು ಕಡಿಮೆ. ನಿಮ್ಮ ಕೋಣೆಗೆ ಹೊಂದದ ಸ್ಪೀಕರ್ ಮಾತ್ರ ಬೇಕಾದಷ್ಟು ಸಿಗುತ್ತವೆ. ಹಾಗಾಗಿ ಕ್ಯಾಟಲಾಗ್ ತೆರೆಯುವ ಮೊದಲು ಅಳತೆ ಟೇಪ್ ಹಿಡಿಯಿರಿ.

ಲೆಕ್ಕಕ್ಕೆ ಒಂದು ಹಾಲ್ ಇಟ್ಟುಕೊಳ್ಳೋಣ. 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ಕಡೆ ಬಾಲ್ಕನಿಯ ಗಾಜಿನ ಬಾಗಿಲು, ಒಂದು ಸೋಫಾ, ಒಂದು ಟಿವಿ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇಂಥ ಹಾಲ್ ಸಾಮಾನ್ಯ.

ಹಂತ 1: ನಿಮ್ಮ ದೂರನ್ನು ಒಂದು ಸಾಲಿನಲ್ಲಿ ಬರೆಯಿರಿ

'ಇನ್ನೂ ಚೆನ್ನಾಗಿ ಕೇಳಬೇಕು' ಎನ್ನುವುದು ದೂರಲ್ಲ. ಈಗಿನ ಜೋಡಿಯಲ್ಲಿ ಏನು ಸರಿಯಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಸುಮ್ನೆ ಬರೆದರೂ ಅರ್ಧ ಗೊಂದಲ ಕರಗುತ್ತದೆ. ಯಾಕೆಂದರೆ ಈ ದೂರುಗಳಲ್ಲಿ ಬಹಳಷ್ಟಕ್ಕೆ ಹೊಸ ಸ್ಪೀಕರ್ ಮದ್ದೇ ಅಲ್ಲ.

ಗಂಡು ದನಿ ಗುಂ ಅನ್ನುತ್ತದೆಯೇ? ಬಹುಪಾಲು ಅದು ಗೋಡೆಯ, ಮೂಲೆಯ ಕೆಲಸ. ಕಿವಿಗೆ ಚುಚ್ಚುತ್ತದೆಯೇ? ಟ್ವೀಟರ್ (ಮೇಲಿನ ದನಿ ಹಾಡುವ ಪುಟ್ಟ ಭಾಗ) ಮೇಲೆ ಅನುಮಾನ ಪಡುವ ಮೊದಲು ಬರಿಯ ಟೈಲ್ಸ್ ಮತ್ತು ಗಾಜಿನ ಕಡೆ ನೋಡಿ. ಗಾಯಕ ನಡುವೆ ನಿಂತು ಹಾಡಿದಂತೆ ಅನ್ನಿಸುವುದಿಲ್ಲವೇ? ಒಂದು ಸ್ಪೀಕರ್ ಗೋಡೆಗೆ ಅಂಟಿಕೊಂಡು ಇನ್ನೊಂದು ಬಾಗಿಲ ಬಳಿ ಇದ್ದರೆ ಯಾವ ಬೆಲೆಯ ಜೋಡಿಯೂ ಹಾಗೇ ಮಾಡುತ್ತದೆ.

ಹೊಸ ಸ್ಪೀಕರ್ ಬೇಡುವ ದೂರುಗಳೂ ಇವೆ. ದನಿ ಏರಿಸಿದಾಗ ವಾದ್ಯಗಳು ಒಂದಕ್ಕೊಂದು ಅಂಟಿಕೊಂಡು ಗದ್ದಲವಾಗುವುದು. ತನಿ ಆವರ್ತನದಲ್ಲಿ ಮೃದಂಗದ ಪೆಟ್ಟು ಪೆಟ್ಟಿನಂತೆ ಬರದೆ ಮೆತ್ತಗಾಗುವುದು. ಸೋಫಾದ ನಡುವೆ ಕೂತರೆ ಒಂದು ಬಣ್ಣ, ಪಕ್ಕಕ್ಕೆ ಸರಿದರೆ ಇನ್ನೊಂದು ಬಣ್ಣ. ಪೆಟ್ಟಿಗೆಯೇ ಹಾಡಿದಂತೆ ಅನ್ನಿಸುವುದು. ದೊಡ್ಡ ಬೆಲೆ ಕೊಟ್ಟಾಗ ಪಡೆಯಬೇಕಾದ್ದು ಇವಕ್ಕೆ ಪರಿಹಾರವನ್ನು: ಕಡಿಮೆ ಡಿಸ್ಟಾರ್ಷನ್ (ದನಿ ಕೆಡುವುದು), ಏಟು ತಡೆಯುವ ಶಕ್ತಿ, ಎಲ್ಲ ದಿಕ್ಕಿಗೂ ಸಮವಾಗಿ ಹರಡುವ ದನಿ, ಸದ್ದು ಮಾಡದ ಪೆಟ್ಟಿಗೆ.

ಹಂತ 2: ಕೋಣೆಯ ಲೆಕ್ಕ ಹಾಕಿ

565 ಅನ್ನು ಕೋಣೆಯ ಉದ್ದದಿಂದ ಭಾಗಿಸಿ. ಅಡಿಯಲ್ಲಿ. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ, ಅದರ ಅರ್ಧ ಈ ಸಂಖ್ಯೆ. ನಮ್ಮ ಹಾಲ್‌ನ ಉದ್ದಕ್ಕೆ 35 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ; ಸಂಖ್ಯೆ ಇಳಿದಷ್ಟೂ ದನಿ ತಗ್ಗು) ಬರುತ್ತದೆ, ಅಗಲಕ್ಕೆ 47, ಎತ್ತರಕ್ಕೆ 56. ಈ ಮೂರು ಜಾಗದಲ್ಲಿ, ಮತ್ತೆ ಅವುಗಳ ದುಪ್ಪಟ್ಟಿನಲ್ಲಿ, ಕೋಣೆ ತಾನೇ ದನಿಗೂಡಿಸುತ್ತದೆ. ಗೋಡೆಗೆ ಒರಗಿ ಕೂತರೆ ಬಾಸ್, ಅಂದರೆ ತಗ್ಗು ದನಿ, ಉಬ್ಬುತ್ತದೆ. ಕೋಣೆಯ ಸರಿಯಾದ ಅರ್ಧಕ್ಕೆ ಕೂತರೆ ಅದೇ 35 ಹರ್ಟ್ಜ್ ಮಾಯವಾಗುತ್ತದೆ. ಸ್ಪೀಕರ್ ಮಾತ್ರ ಬದಲಾಗಿಲ್ಲ!

ಸುಮಾರು 200-300 ಹರ್ಟ್ಜ್‌ನ ಕೆಳಗೆ ಕೋಣೆಯ ಆಳ್ವಿಕೆ, ಅದರ ಮೇಲೆ ಸ್ಪೀಕರ್‌ನದ್ದು. ದುಡ್ಡಿನ ದೃಷ್ಟಿಯಿಂದ ಇದು ಬಹಳ ಮುಖ್ಯ. ಮೇಲಿನ ಭಾಗಕ್ಕೆ ನೀವು ಕೊಟ್ಟ ಹಣ ಪೂರ್ತಿ ನಿಮ್ಮದೇ, ಮನೆ ಬದಲಿಸಿದರೂ ಜೊತೆಗೆ ಬರುತ್ತದೆ. ಕೆಳಗಿನ ಬಾಸ್‌ಗೆ ಕೊಟ್ಟ ಹಣದಲ್ಲಿ ಕೋಣೆ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಕೆಲವೊಮ್ಮೆ ಸಿಂಹಪಾಲು.

ಹಂತ 3: ಹಳೆಯ ಜೋಡಿಯನ್ನು ಮೊದಲು ಸರಿಯಾಗಿ ನಿಲ್ಲಿಸಿ

ಇದನ್ನು ಹಾರಿಸಬೇಡಿ. ಖರ್ಚಿಲ್ಲದ ಅಪ್‌ಗ್ರೇಡ್ ಇದೊಂದೇ.

ಸ್ಪೀಕರ್‌ನ ಹಿಂದಿನ ಗೋಡೆಗೆ ಬಡಿದು ವಾಪಸ್ ಬರುವ ದನಿ, ನೇರ ದನಿಯನ್ನು ಒಂದು ಜಾಗದಲ್ಲಿ ಅಳಿಸಿಹಾಕುತ್ತದೆ. ವೂಫರ್‌ನಿಂದ ಗೋಡೆಗೆ ಇರುವ ದೂರದ ನಾಲ್ಕರಷ್ಟು ಯಾವ ಅಲೆಯ ಉದ್ದವೋ ಅಲ್ಲಿ ಈ ಹಳ್ಳ ಬೀಳುತ್ತದೆ. 30 ಸೆಂ.ಮೀ. ಆಳದ ಪೆಟ್ಟಿಗೆಯನ್ನು ಗೋಡೆಯಿಂದ 35 ಸೆಂ.ಮೀ. ಮುಂದೆ ಇಟ್ಟಿದ್ದೀರಿ ಎನ್ನೋಣ. ವೂಫರ್‌ಗೂ ಗೋಡೆಗೂ 65 ಸೆಂ.ಮೀ. ಅಂತರ. ಹಳ್ಳ ಬೀಳುವುದು 132 ಹರ್ಟ್ಜ್ ಹತ್ತಿರ. ಬಿಳಿ ಒಂದರ, ಅಂದರೆ ಸಿ ಶ್ರುತಿಯಲ್ಲಿ ಹಾಡುವ ಗಾಯಕರ ಆಧಾರ ಷಡ್ಜ ಸುಮಾರು 131 ಹರ್ಟ್ಜ್! ಇಡೀ ಕಛೇರಿಯ ಬುನಾದಿ ಸ್ವರವೇ ತೆಳ್ಳಗಾಗಿರುತ್ತದೆ. ನೀವು ಸ್ಪೀಕರ್‌ನಲ್ಲಿ ತೂಕ ಇಲ್ಲ ಎಂದು ಬೈದುಕೊಳ್ಳುತ್ತಿರುತ್ತೀರಿ.

ಆದ್ದರಿಂದ ಹತ್ತು-ಹತ್ತು ಸೆಂ.ಮೀ. ಹಿಂದೆ ಮುಂದೆ ಸರಿಸಿ, ಒಂದೇ ಹಾಡನ್ನು ಕೇಳಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಹೆಚ್ಚೂಕಮ್ಮಿ ಸಮಬಾಹು ತ್ರಿಕೋನವಾಗಲಿ. ಟ್ವೀಟರ್ ಕಿವಿಯ ಎತ್ತರಕ್ಕಿರಲಿ. ಎರಡೂ ಕಡೆಯ ಗೋಡೆ ಸಮದೂರದಲ್ಲಿರಲಿ. ಆಗದಿದ್ದರೆ ಕನಿಷ್ಠ ಒಂದು ಕಡೆ ದಪ್ಪ ಪರದೆ ಬರಲಿ. ನೀವು ಕೂತಿರುವಾಗ ಇನ್ನೊಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಟ್ವೀಟರ್ ಎಲ್ಲಿ ಕಾಣುತ್ತದೋ ಅಲ್ಲೇ ಮೊದಲ ಪ್ರತಿಫಲನ. ಅಲ್ಲೊಂದು ಪುಸ್ತಕದ ಕಪಾಟು ಬಂದರೆ ಎಷ್ಟೋ ಸಮಾಧಾನ. ಸ್ಪೀಕರ್ ಮತ್ತು ಸೋಫಾ ನಡುವಿನ ಟೈಲ್ಸ್ ಮೇಲೆ ದಪ್ಪ ಜಮಖಾನ ಹಾಸಿ.

ಊಹೆ ಸಾಕು, ಅಳೆಯಬೇಕು ಎನ್ನುವವರಿಗೆ ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶವಿದೆ. ಎಲ್ಲರೂ ಆರ್‌ಇಡಬ್ಲ್ಯೂ ಎನ್ನುತ್ತಾರೆ. ಅದರ ಜೊತೆ ಮಿನಿಡಿಎಸ್‌ಪಿ ಯೂಮಿಕ್-1ರಂಥ ಯುಎಸ್‌ಬಿ ಮೈಕ್ ಇದ್ದರೆ ಒಂದು ಭಾನುವಾರದಲ್ಲಿ ನಿಮ್ಮ ಕೋಣೆಯ ಜಾತಕ ಸಿಗುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಲು ಹೊರಟವರು ಈ ಮೈಕ್ ಕೊಳ್ಳಲು ಹಿಂದೆಮುಂದೆ ನೋಡುವುದು ನನಗೆ ಯಾವತ್ತೂ ಅರ್ಥವಾಗಿಲ್ಲ.

ಇಷ್ಟಾದ ಮೇಲೂ ಹಂತ 1ರ ದೂರು ಉಳಿದಿದ್ದರೆ ಮುಂದಕ್ಕೆ ಹೋಗಿ.

ಹಂತ 4: ಜಾತಿ ಆರಿಸಿ, ಬ್ರಾಂಡ್ ಆಮೇಲೆ

ನಮ್ಮ 12x16ರ ಹಾಲ್‌ಗೆ ನನ್ನ ಆಯ್ಕೆ ಸ್ಪಷ್ಟ. ಒಳ್ಳೆಯ ಸ್ಟ್ಯಾಂಡ್ ಮೇಲೆ ಒಂದು ಉತ್ತಮ ಬುಕ್‌ಶೆಲ್ಫ್ ಜೋಡಿ, ಜೊತೆಗೆ ಒಂದು ಸೀಲ್ಡ್ (ಗಾಳಿಗೆ ತೂತಿಲ್ಲದ) ಸಬ್‌ವೂಫರ್, ಅಂದರೆ ಬರೀ ಬಾಸ್‌ಗೆಂದೇ ಇರುವ ಪೆಟ್ಟಿಗೆ, ಸಾಧ್ಯವಾದರೆ ಎರಡು. ಅದೇ ದುಡ್ಡಿನ ಟವರ್ ಜೋಡಿಗಿಂತ (ನೆಲದ ಮೇಲೆ ನಿಲ್ಲುವ ಎತ್ತರದ ಸ್ಪೀಕರ್) ಇದು ಮೇಲು. ಕಾರಣ ಸರಳ. ದನಿ ನಡುವೆ ನಿಲ್ಲಲು ಸ್ಪೀಕರ್ ಎಲ್ಲಿರಬೇಕೋ, ಬಾಸ್ ಸಮವಾಗಲು ವೂಫರ್ ಅಲ್ಲಿರಬೇಕು ಅಂತೇನಿಲ್ಲ. ಟವರ್‌ನಲ್ಲಿ ಎರಡೂ ಒಂದೇ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿವೆ. ಸಬ್ ಬೇರೆಯಿದ್ದರೆ ಅದನ್ನು ಬೇಕಾದ ಮೂಲೆಗೆ ತಳ್ಳಬಹುದು.

ಹಾಲ್ ಮತ್ತು ಊಟದ ಜಾಗ ಒಂದಾಗಿರುವ ದೊಡ್ಡ ಮನೆಯಾದರೆ ಲೆಕ್ಕ ಬೇರೆ. ಅಲ್ಲಿ ಟವರ್‌ಗೆ ಉಸಿರಾಡಲು ಜಾಗವಿದೆ. ಆದರೂ ತೂಕ ನೋಡಿಕೊಳ್ಳಿ. ಬೌವರ್ಸ್ ಅಂಡ್ ವಿಲ್ಕಿನ್ಸ್‌ನ 801 ಡಿ4 ಒಂದೊಂದೂ ನೂರು ಕಿಲೋ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಅದನ್ನು ಹತ್ತಿಸುವವರ ಮುಖ ಒಮ್ಮೆ ನೆನೆಸಿಕೊಳ್ಳಿ.

ಬರೀ ಗಾಯನ, ವೀಣೆ, ಪಿಟೀಲು ಕೇಳುವ, 10x11ರ ಚಿಕ್ಕ ಕೋಣೆಯವರಿಗೆ ಬಿಬಿಸಿ ಪರಂಪರೆಯ ಪುಟ್ಟ ಪೆಟ್ಟಿಗೆಗಳು ಇವತ್ತಿಗೂ ಒಳ್ಳೆಯ ದಾರಿ. ಹೊರಾಂಗಣ ಪ್ರಸಾರದ ವ್ಯಾನುಗಳಲ್ಲಿ ಬಳಸಲೆಂದು 1970ರ ದಶಕದಲ್ಲಿ ಬಿಬಿಸಿ ರೂಪಿಸಿದ ಎಲ್‌ಎಸ್3/5ಎ ಒಂದು ಅಡಿ ಎತ್ತರದ ಸೀಲ್ಡ್ ಪೆಟ್ಟಿಗೆ. ಮನುಷ್ಯರ ದನಿಯೇ ಅದರ ಪರೀಕ್ಷೆಯಾಗಿತ್ತು. ಬಿಬಿಸಿಯಲ್ಲಿದ್ದ ಡಡ್ಲಿ ಹಾರ್ವುಡ್ 1977ರಲ್ಲಿ ಶುರುಮಾಡಿದ ಹಾರ್ಬೆತ್ ಈಗಲೂ ಅದೇ ಜಾಡಿನಲ್ಲಿದೆ. ಇವು ಜೋರಾಗಿ ಹಾಡುವುದಿಲ್ಲ. ರಾಕ್ ಕೇಳುವವರು ಬೇರೆ ಕಡೆ ನೋಡಿ.

ವಿಚಿತ್ರ ಜಾತಿಗಳೂ ಇವೆ. ಕ್ಲಿಪ್ಷ್‌ನ ಕ್ಲಿಪ್ಷ್‌ಹಾರ್ನ್ 1946ರಿಂದ ತಯಾರಾಗುತ್ತಿದೆ. ಒಂದು ವ್ಯಾಟ್‌ಗೇ ಮನೆ ತುಂಬಿಸುತ್ತದೆ. ಆದರೆ ಅದಕ್ಕೆ ಎರಡು ಸರಿಯಾದ ಮೂಲೆ ಬೇಕು. ನಮ್ಮ ಫ್ಲ್ಯಾಟುಗಳ ಮೂಲೆಯಲ್ಲಿ ಒಂದೋ ಬಾಗಿಲಿರುತ್ತದೆ, ಇಲ್ಲವೇ ಶೂ ಸ್ಟ್ಯಾಂಡ್. ಮ್ಯಾಗ್ನೆಪ್ಯಾನ್‌ನಂಥ ತೆಳು ಪ್ಯಾನೆಲ್‌ಗಳು ಹಿಂದಕ್ಕೂ ಹಾಡುತ್ತವೆ, ಹಾಗಾಗಿ ಬೆನ್ನ ಹಿಂದೆ ಒಂದು ಮೀಟರಾದರೂ ಖಾಲಿ ಬಿಡಬೇಕು. ಜಾಗವಿದ್ದರೆ ಕೇಳಿ ನೋಡಿ, ಆ ಬಗೆಯ ತೆರೆದ ದನಿ ಪೆಟ್ಟಿಗೆಯಲ್ಲಿ ಬರುವುದಿಲ್ಲ. ನಮ್ಮ ದೇಶದವರೂ ಈ ಆಟದಲ್ಲಿದ್ದಾರೆ. ಕೊಚ್ಚಿಯ ರೆಥ್ಮ್ ಕಡಿಮೆ ವ್ಯಾಟ್‌ಗೆ ಒಗ್ಗುವ ಸ್ಪೀಕರ್ ಮಾಡುತ್ತದೆ. ಕೋಲ್ಕತ್ತದ ಸೋನೋಡೈನ್ ಹೆಸರನ್ನು ಹಳಬರು ಮರೆತಿರಲಿಕ್ಕಿಲ್ಲ.

ಇನ್ನು ಆಕ್ಟಿವ್ ಸ್ಪೀಕರ್. ಆಂಪ್ ಒಳಗೇ ಇರುತ್ತದೆ, ವೂಫರ್, ಟ್ವೀಟರ್‌ನಂಥ ಪ್ರತಿ ಡ್ರೈವರ್‌ಗೂ ಬೇರೆ ಬೇರೆ. ಜೆನೆಲೆಕ್‌ನಂಥವು ಕೋಣೆಯ ತಿದ್ದುಪಡಿಯನ್ನೂ ತಾವೇ ಮಾಡಿಕೊಳ್ಳುತ್ತವೆ. ನೋಟಕ್ಕೆ ಸ್ಟುಡಿಯೋ ಉಪಕರಣ, ಕೆಲಸದಲ್ಲಿ ಅಪ್ಪಟ. ಬಿಡಿ ಬಿಡಿ ಪೆಟ್ಟಿಗೆ ಜೋಡಿಸುವ ಹವ್ಯಾಸವೇ ಮಜಾ ಎನ್ನುವವರಿಗೆ ಇಷ್ಟವಾಗಲಿಕ್ಕಿಲ್ಲ.

ಹಂತ 5: ಕಾಗದದ ಮೇಲಿನ ಸಂಖ್ಯೆಗಳನ್ನು ಓದಲು ಕಲಿಯಿರಿ

ಒಂದು ನಿಜವಾದ ಉದಾಹರಣೆ. ಕೆಇಎಫ್ ಎಲ್‌ಎಸ್50 ಮೆಟಾ, 2020ರಲ್ಲಿ ಬಂದದ್ದು. ಅದರ ಕಾಗದದಲ್ಲಿ ಎರಡು ಬಾಸ್ ಸಂಖ್ಯೆಗಳಿವೆ. ಮೈನಸ್ 6 ಡೆಸಿಬೆಲ್‌ಗೆ (ದನಿಯ ಜೋರು ಅಷ್ಟು ಇಳಿಯುವ ಜಾಗಕ್ಕೆ) 47 ಹರ್ಟ್ಜ್, ಪ್ಲಸ್-ಮೈನಸ್ 3 ಡೆಸಿಬೆಲ್‌ಗೆ 79 ಹರ್ಟ್ಜ್. ಒಂದೇ ಸ್ಪೀಕರ್! ಹೋಲಿಸುವಾಗ ಒಬ್ಬರ 47ನ್ನು ಇನ್ನೊಬ್ಬರ 79ರ ಪಕ್ಕ ಇಟ್ಟರೆ ಮೋಸ ಹೋದಂತೆಯೇ. ಯಾವ ಅಳತೆಗೆ ಯಾವ ಸಂಖ್ಯೆ ಎಂದು ನೋಡಿಯೇ ಹೋಲಿಸಿ.

ನಿಮಗೆ ಎಷ್ಟು ಆಳದ ಬಾಸ್ ಬೇಕು? ಬಾಸ್ ಗಿಟಾರ್‌ನ ಕೆಳಗಿನ ತಂತಿ 41 ಹರ್ಟ್ಜ್, ಪಿಯಾನೋದ ಕಟ್ಟಕಡೆಯ ಕೀ 27.5. ಸಿ ಶ್ರುತಿಯ ತಂಬೂರಿಯ ಮಂದ್ರ ಷಡ್ಜ 65ರ ಹತ್ತಿರ. ಬರೀ ಕರ್ನಾಟಕ ಸಂಗೀತ ಕೇಳುವವರು 25 ಹರ್ಟ್ಜ್‌ಗಾಗಿ ಲಕ್ಷ ಜಾಸ್ತಿ ಕೊಡಬೇಕಿಲ್ಲ. ಸಿನಿಮಾ ಹಾಡು, ಎಲೆಕ್ಟ್ರಾನಿಕ್, ಆರ್ಗನ್ ಕೇಳುವವರಿಗೆ ಸಬ್ ಬೇಕು.

ಸೆನ್ಸಿಟಿವಿಟಿ ಎಂದರೆ ಒಂದು ಮೀಟರ್ ದೂರದಲ್ಲಿ 2.83 ವೋಲ್ಟ್‌ಗೆ ಎಷ್ಟು ಡೆಸಿಬೆಲ್ ಎಂಬುದು. ಓಮ್ ಎಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. 8 ಓಮ್‌ಗೆ 2.83 ವೋಲ್ಟ್ ಅಂದರೆ ಒಂದು ವ್ಯಾಟ್. 4 ಓಮ್‌ಗೆ ಅದೇ ವೋಲ್ಟ್ ಎರಡು ವ್ಯಾಟ್. ಅಂದರೆ 4 ಓಮ್ ಸ್ಪೀಕರ್ ಕಾಗದದಲ್ಲಿ 3 ಡೆಸಿಬೆಲ್ ಪುಕ್ಕಟೆ ಗಿಟ್ಟಿಸಿಕೊಂಡಿರುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ.

ಎಲ್‌ಎಸ್50 ಮೆಟಾದ್ದು 85 ಡೆಸಿಬೆಲ್. ಮೂರು ಮೀಟರ್ ದೂರದ ಸೋಫಾದಲ್ಲಿ, ಎರಡೂ ಸ್ಪೀಕರ್ ಸೇರಿ, ತಲಾ ಒಂದು ವ್ಯಾಟ್‌ಗೆ ಅಂದಾಜು 80 ಸಿಗುತ್ತದೆ. ಮನೆಗೆ ಅಷ್ಟೇ ಸಾಕಷ್ಟು ಜೋರು. ಆದರೆ ಮೃದಂಗದ ಒಂದು ಏಟು ಸರಾಸರಿಗಿಂತ 15-20 ಡೆಸಿಬೆಲ್ ಮೇಲಕ್ಕೆ ಜಿಗಿಯುತ್ತದೆ. 95ಕ್ಕೆ ಸುಮಾರು 32 ವ್ಯಾಟ್ ಬೇಕು, 100ಕ್ಕೆ 100 ವ್ಯಾಟ್. ಇದೇ ಜೋಡಿಯ ಇಂಪೀಡೆನ್ಸ್, ಅಂದರೆ ಆ ತಡೆ, ಒಂದು ಕಡೆ 3.5 ಓಮ್‌ಗೆ ಇಳಿಯುತ್ತದೆ. ಆದ್ದರಿಂದ ಆಂಪ್‌ನ 4 ಓಮ್ ಸಾಮರ್ಥ್ಯ ನೋಡಿ. 8 ಓಮ್‌ಗೆ 60 ವ್ಯಾಟ್ ಕೊಡುವುದು 4ಕ್ಕೆ 100ರ ಮೇಲೆ ಕೊಟ್ಟರೆ ಧೈರ್ಯವಾಗಿ ಜೋಡಿಸಬಹುದು. 4 ಓಮ್ ಬಗ್ಗೆ ಕಾಗದ ಏನೂ ಹೇಳದಿದ್ದರೆ ಅನುಮಾನ ಪಡಿ.

ಇದೆಲ್ಲಕ್ಕಿಂತ ಮುಖ್ಯವಾದ ನಕ್ಷೆ ಇನ್ನೊಂದಿದೆ: ಸ್ಪೀಕರ್ ಯಾವ ದಿಕ್ಕಿಗೆ ಹೇಗೆ ಹಾಡುತ್ತದೆ ಎಂದು ತೋರಿಸುವ ಸ್ಪಿನೋರಾಮ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದ ಫ್ಲಾಯ್ಡ್ ಟೂಲ್, ಆಮೇಲೆ ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಜೊತೆ ಸೇರಿ, ಕಣ್ಣಿಗೆ ಕಾಣದಂತೆ ಪರದೆಯ ಹಿಂದೆ ಸ್ಪೀಕರ್ ಇಟ್ಟು ಜನರಿಗೆ ಕೇಳಿಸಿದರು. ಯಾವುದು ಇಷ್ಟ ಎಂದು ಕೇಳಿದರು. ಬಹುಪಾಲು ಜನರ ಆಯ್ಕೆ ಒಂದೇ ಕಡೆ ವಾಲಿತು. ನೇರವಾಗಿ ಸಮತಟ್ಟಾದ, ಪಕ್ಕಕ್ಕೆ ಹೋದಂತೆ ನಯವಾಗಿ ಇಳಿಯುವ ದನಿ. 1994ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಪ್ರಯೋಗ ಮತ್ತೂ ಮಜವಾಗಿದೆ. ಅದೇ ಕೇಳುಗರಿಗೆ ಸ್ಪೀಕರ್ ಕಾಣುವಂತೆ ಇಟ್ಟಾಗ ಅಂಕಗಳು ಬದಲಾದವು. ನೋಟ ಕಿವಿಯನ್ನು ಎಳೆದಾಡಿತ್ತು.

ಈ ನಕ್ಷೆಗಾಗಿ ಸ್ಪೀಕರ್‌ನ ಸುತ್ತ, ಅಡ್ಡಕ್ಕೂ ಉದ್ದಕ್ಕೂ, ಹತ್ತು ಹತ್ತು ಡಿಗ್ರಿಗೆ ಅಳೆಯುತ್ತಾರೆ. ಒಟ್ಟು 70 ಅಳತೆ. ಓದುವುದು ಕಷ್ಟವಲ್ಲ. ಮೇಲಿನ ಗೆರೆ (ನೇರ ದನಿಯದ್ದು) ಸಮತಟ್ಟಾಗಿದೆಯೇ ನೋಡಿ. ಕೆಳಗಿನ ಗೆರೆಗಳು ಅದರ ಜೊತೆಜೊತೆಗೇ ನಿಧಾನವಾಗಿ ಇಳಿಯುತ್ತವೆಯೇ ನೋಡಿ. 2-4 ಸಾವಿರ ಹರ್ಟ್ಜ್‌ನ ನಡುವೆ, ಅಂದರೆ ವೂಫರ್ ಕೆಲಸವನ್ನು ಟ್ವೀಟರ್‌ಗೆ ಒಪ್ಪಿಸುವ ಆಸುಪಾಸಿನಲ್ಲಿ, ಪಕ್ಕದ ಗೆರೆ ದಿಢೀರ್ ಉಬ್ಬಿದರೆ ಹುಷಾರು. ನಮ್ಮ ಟೈಲ್ಸ್-ಗಾಜಿನ ಹಾಲ್‌ಗಳಲ್ಲಿ ಆ ಪಕ್ಕದ ದನಿಯೇ ಗೋಡೆಗೆ ಬಡಿದು ಕಿವಿಗೆ ಬರುವುದು. ಜಮಖಾನ-ಸೋಫಾ ತುಂಬಿದ ಕೋಣೆಯಲ್ಲಿ ಸುಮ್ಮನಿದ್ದ ಸ್ಪೀಕರ್ ಇಲ್ಲಿ ಚೀರುವುದು ಇದಕ್ಕೇ. ಈ ಅಳತೆ ಸಿಗದ ದುಬಾರಿ ಸ್ಪೀಕರ್‌ಗಳೂ ಬಹಳ ಇವೆ. ಆಗ ಕಿವಿಯ ಕೆಲಸ ಹೆಚ್ಚಾಗುತ್ತದೆ, ಅಷ್ಟೇ.

ಹಂತ 6: ಅಂಗಡಿಯಲ್ಲಿ ಕೇಳುವ ಕಲೆ

ಅಂಗಡಿಯವರ ಡೆಮೊ ಹಾಡು ಬೇಡ. ಅವು ಯಾವ ಸ್ಪೀಕರ್‌ನಲ್ಲೂ ಚೆನ್ನಾಗೇ ಕೇಳುತ್ತವೆ. ನಿಮ್ಮವನ್ನು ತೆಗೆದುಕೊಂಡು ಹೋಗಿ. ಸಾಧ್ಯವಾದರೆ ನಿಮ್ಮ ಆಂಪ್ ಅನ್ನೂ.

ಒಂದು ಮೋನೋ ಧ್ವನಿಮುದ್ರಣ ಇರಲಿ. ಪಿ. ಬಿ. ಶ್ರೀನಿವಾಸ್ ಕಾಲದ ಹಳೆಯ ಚಿತ್ರಗೀತೆ ಯಾವುದಾದರೂ ಸರಿ. ದನಿ ಎರಡೂ ಸ್ಪೀಕರ್‌ಗಳ ನಟ್ಟನಡುವೆ, ಮುಷ್ಟಿಯಷ್ಟು ಜಾಗದಲ್ಲಿ ನಿಲ್ಲಬೇಕು. ಹರಡಿದರೆ ಜೋಡಿ ಹೊಂದಿಲ್ಲ ಅಥವಾ ಒಂದರ ತಂತಿ ತಿರುಗುಮುರುಗಾಗಿದೆ. ಎಂ. ಡಿ. ರಾಮನಾಥನ್ ಅವರಂಥ ಮಂದ್ರದ ದನಿ ಕೇಳಿ. ಎದೆಯಿಂದ ಬಂದಂತಿರಬೇಕು, ಡ್ರಮ್ಮಿನೊಳಗಿಂದ ಬಂದಂತಿರಬಾರದು. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯಲ್ಲಿ ಮೀಟು ಮತ್ತು ಅದರ ನಂತರದ ಗಮಕ ಎರಡೂ ಬಿಡಿಬಿಡಿಯಾಗಿ ಕೇಳಬೇಕು. ನನ್ನ ಮಟ್ಟಿಗೆ ಅತಿ ಕಠಿಣ ಪರೀಕ್ಷೆ ತಂಬೂರಿ. ಜೀವಾಳ (ತಂತಿಯ ಕೆಳಗಿಡುವ ನೂಲಿನೆಳೆ) ಇಟ್ಟ ತಂತಿಯ ಝೇಂಕಾರದಲ್ಲಿ ಕೆಳಗಿನಿಂದ ಮೇಲಿನವರೆಗೆ ಎಲ್ಲ ಅನುಸ್ವರಗಳೂ ಇರುತ್ತವೆ. ಗಾಯನದ ಹಿಂದೆ ಅದು ಮುಚ್ಚಿಹೋಗದೆ, ಜೇನುನೊಣದ ಗುಂಯ್‌ಗುಟ್ಟುವಿಕೆಯೂ ಆಗದೆ ಉಳಿದರೆ ಸ್ಪೀಕರ್‌ನ ನಡುಭಾಗ ಚೆನ್ನಾಗಿದೆ ಎಂದೇ ಅರ್ಥ.

ಪಿಂಕ್ ನಾಯ್ಸ್‌ನ (ಎಲ್ಲ ಹರ್ಟ್ಜ್ ಬೆರೆತ, ಸುಯ್ಯೆನ್ನುವ ಸದ್ದು) ಒಂದು ಫೈಲ್ ಕೂಡ ಫೋನಿನಲ್ಲಿರಲಿ. ಹಾಕಿ, ಕೂತು ಕೇಳಿ, ಎದ್ದು ನಿಂತು ಕೇಳಿ. ಬಣ್ಣ ತೀರಾ ಬದಲಾದರೆ ಆ ಸ್ಪೀಕರ್ ಎತ್ತರದ ವಿಷಯದಲ್ಲಿ ಹಟಮಾರಿ. ಎರಡು ಜೋಡಿ ಹೋಲಿಸುವಾಗ ಇದೇ ನಾಯ್ಸ್ ಹಾಕಿ, ಫೋನಿನ ಡೆಸಿಬೆಲ್ ಆ್ಯಪ್‌ನಲ್ಲಿ ಎರಡನ್ನೂ ಸಮ ಮಾಡಿಕೊಳ್ಳಿ. ಒಂದೇ ಒಂದು ಡೆಸಿಬೆಲ್ ಜೋರಾಗಿರುವುದು 'ಚೆನ್ನಾಗಿದೆ' ಎಂದು ಅನ್ನಿಸಿಬಿಡುತ್ತದೆ. ಮಾರುವ ಕೈಗೆ ವಾಲ್ಯೂಮ್ ಗುಂಡಿ ಕೊಡಬೇಡಿ.

ಅಂಗಡಿಯ ಕೋಣೆಗೆ ಫೋಮು, ಕಾರ್ಪೆಟ್ಟು ಎಲ್ಲ ಇರುತ್ತದೆ. ಹಾಗಾಗಿ ಕೊನೆಯ ಎರಡು ಆಯ್ಕೆಗೆ ಬಂದಾಗ ಮನೆಯಲ್ಲಿ ಕೇಳಿಸಿ ಎಂದು ಕೇಳಿ. ಈ ಬೆಲೆಯ ವ್ಯಾಪಾರದಲ್ಲಿ ಕೇಳುವುದು ನಾಚಿಕೆಯ ವಿಷಯವಲ್ಲ. ಮನೆಯಲ್ಲಿ ರಾತ್ರಿ ಸಣ್ಣ ದನಿಯಲ್ಲೂ ಕೇಳಿ. ನಾವು ಹೆಚ್ಚು ಹೊತ್ತು ಕೇಳುವುದು ಹಾಗೇ ಅಲ್ವಾ?

ಹಂತ 7: ದುಡ್ಡು, ತಂತಿ, ಸೆಕೆಂಡ್ ಹ್ಯಾಂಡ್

ಒಟ್ಟು ಹಣದಲ್ಲಿ ದೊಡ್ಡ ಪಾಲು ಸ್ಪೀಕರ್ ಮತ್ತು ಸಬ್‌ಗೆ. ಆಮೇಲೆ ಕೋಣೆಗೆ. ಆಮೇಲೆ ಆಂಪ್‌ಗೆ. ಕೇಬಲ್‌ಗೆ ಉಳಿದ ಚಿಲ್ಲರೆ ಸಾಕು. 2.5 ಚದರ ಮಿ.ಮೀ. ತಾಮ್ರದ ತಂತಿ ಐದು ಮೀಟರ್ ದೂರಕ್ಕೆ ಹೋಗಿ ಬಂದರೆ ಅದರ ತಡೆ ಸುಮಾರು 0.07 ಓಮ್. 4 ಓಮ್ ಸ್ಪೀಕರ್ ಮುಂದೆ ಅದು ಲೆಕ್ಕಕ್ಕಿಲ್ಲ. ಹಾವಿನಷ್ಟು ದಪ್ಪದ ಕೇಬಲ್‌ಗೆ ಐವತ್ತು ಸಾವಿರ ಕೇಳಿದರೆ ನಗುತ್ತಾ ಎದ್ದುಬನ್ನಿ.

ಅಮೆರಿಕದಿಂದ ಊರಿಗೆ ವಾಪಸಾಗುವ ನಮ್ಮವರಿಗೆ ಒಂದು ಮಾತು. ಒಳಗೆ ಆಂಪ್ ಇಲ್ಲದ ಪ್ಯಾಸಿವ್ ಸ್ಪೀಕರ್‌ಗೆ ಗೋಡೆಯ ಕರೆಂಟಿನ ಗೊಡವೆಯಿಲ್ಲ, ಧಾರಾಳವಾಗಿ ತನ್ನಿ. ಆಕ್ಟಿವ್ ಸ್ಪೀಕರ್, ಸಬ್, ಆಂಪ್ ತರುವುದಾದರೆ 230 ವೋಲ್ಟ್‌ಗೆ ಒಗ್ಗುತ್ತವೆಯೇ ಎಂದು ಹಿಂಬದಿಯ ಚೀಟಿ ನೋಡಿ. ವಾರಂಟಿ ಆಯಾ ದೇಶಕ್ಕಷ್ಟೇ ಸೀಮಿತವಾಗಿರುವುದೂ ಉಂಟು.

ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಬೇಟೆ ಸಿಗುತ್ತದೆ. ವೂಫರ್‌ನ ಅಂಚು ಫೋಮ್‌ನದ್ದಾಗಿದ್ದರೆ ಬೆರಳಿನಿಂದ ಮೆಲ್ಲಗೆ ಮುಟ್ಟಿ. ಪುಡಿಯಾದರೆ ಬದಲಿಸಬೇಕು, ಬೆಲೆ ಇಳಿಸಿ ಕೇಳಿ. ಮಂಗಳೂರು, ಉಡುಪಿ, ಕಾರವಾರದ ತೇವದಲ್ಲಿ ಫೋಮ್ ಬೇಗ ಹೋಗುತ್ತದೆ, ರಬ್ಬರ್ ಅಂಚು ಹೆಚ್ಚು ಬಾಳುತ್ತದೆ. ಕೋನ್ ಅನ್ನು ನಾಲ್ಕು ಬೆರಳಿನಿಂದ ಸಮವಾಗಿ ಒತ್ತಿ, ಕರಕರ ಅಂದರೆ ಕಾಯಿಲ್ ಉಜ್ಜುತ್ತಿದೆ. ಟ್ವೀಟರ್ ಗುಮ್ಮಟ ತಗ್ಗಿದ್ದರೆ ಯಾವುದೋ ಮಗುವಿನ ಬೆರಳಿನ ಕೆಲಸ.

ಹಂತ 8: ಮನೆಗೆ ಬಂದ ಮೇಲೆ

ಸ್ಟ್ಯಾಂಡಿನ ಮೊಳೆಗಳ ಕೆಳಗೆ ಲೋಹದ ಬಿಲ್ಲೆ ಇಡಿ, ಇಲ್ಲದಿದ್ದರೆ ಟೈಲ್ಸ್ ಕತೆ ಮುಗಿಯಿತು. 'ನೂರಾರು ಗಂಟೆ ಓಡಿಸಿ, ಆಮೇಲೆ ದನಿ ತೆರೆಯುತ್ತದೆ' ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹೆಚ್ಚಾಗಿ ಒಗ್ಗಿಕೊಳ್ಳುವುದು ನಮ್ಮ ಕಿವಿ. ವಾಪಸ್ ಕೊಡುವ ಅವಧಿ ಇದ್ದರೆ ಅದರೊಳಗೇ ತೀರ್ಮಾನಿಸಿ.

ಸಬ್‌ಗೆ ಜಾಗ ಹುಡುಕಲು ಒಂದು ಹಳೆಯ ಉಪಾಯವಿದೆ. ಸಬ್ ಅನ್ನು ನೀವು ಕೂರುವ ಜಾಗದಲ್ಲೇ ಇಟ್ಟು ಬಾಸ್ ಇರುವ ಹಾಡು ಹಾಕಿ. ನೀವು ಗೋಡೆಯ ಉದ್ದಕ್ಕೂ ಅಂಬೆಗಾಲಿಟ್ಟು ಹೋಗಿ. ಎಲ್ಲಿ ಬಾಸ್ ಸ್ವಚ್ಛವಾಗಿ, ಸಮವಾಗಿ ಕೇಳುತ್ತದೋ ಅಲ್ಲಿ ಸಬ್ ಇಡಿ. ಮನೆಯವರು ನಕ್ಕರೆ ನಗಲಿ. ಕ್ರಾಸ್‌ಓವರ್, ಅಂದರೆ ಸ್ಪೀಕರ್ ಮತ್ತು ಸಬ್ ಕೆಲಸ ಹಂಚಿಕೊಳ್ಳುವ ಗಡಿ, 70-80 ಹರ್ಟ್ಜ್‌ನಿಂದ ಶುರುಮಾಡಿ. ಅದೇ ಹರ್ಟ್ಜ್‌ನ ಒಂದು ಸ್ವರ ಹಾಕಿ ಸಬ್‌ನ ಫೇಸ್ ಗುಂಡಿ (ಸಬ್‌ನ ಅಲೆಯನ್ನು ಸ್ಪೀಕರ್‌ನ ಅಲೆಗೆ ಹೊಂದಿಸುವುದು) ತಿರುಗಿಸಿ. ಯಾವ ಕಡೆ ಜೋರಾಗುತ್ತದೋ ಅದು ಸರಿ. ಸಬ್‌ನ ಕೆಳಗೆ ದಪ್ಪ ಫೋಮ್ ಹಾಸಿದರೆ ನೆಲದ ನಡುಕ ಒಂದಿಷ್ಟು ತಗ್ಗುತ್ತದೆ. ಗಾಳಿಯಲ್ಲಿ ಹೋಗುವ ಬಾಸ್ ಮಾತ್ರ ನಿಲ್ಲುವುದಿಲ್ಲ. ಕೆಳಗಿನ ಮನೆಯವರಿಗೆ ರಾತ್ರಿ ಹತ್ತರ ಮೇಲೆ ಅದು ಕೇಳಿಸದಿರಬೇಕಾದರೆ ಗುಂಡಿ ತಗ್ಗಿಸುವುದೊಂದೇ ದಾರಿ.

ಕೊನೆಗೆ ಉಳಿದ ಉಬ್ಬುಗಳನ್ನು ಡೈರಾಕ್‌ನಂಥ ತಿದ್ದುಪಡಿ ತಂತ್ರಾಂಶದಿಂದ ತಗ್ಗಿಸಿ. 300 ಹರ್ಟ್ಜ್‌ನ ಕೆಳಗೆ ಮಾತ್ರ. ನಮ್ಮ ಹಾಲ್‌ನಲ್ಲಿ ಅದು 35, 47, 56ರ ಉಬ್ಬು. ಹಳ್ಳಗಳನ್ನು ತುಂಬಲು ಹೋಗಬೇಡಿ, ಆಂಪ್ ಸುಸ್ತಾಗುತ್ತದೆ, ಹಳ್ಳ ಹಾಗೇ ಇರುತ್ತದೆ. ಅದಕ್ಕೆ ಕುರ್ಚಿ ಅರ್ಧ ಅಡಿ ಸರಿಸುವುದೇ ಮೇಲು.